ತೊಟ್ಟಿಲ ಕೂಸಿಗೆ ಸಿಕ್ಕದ ಸಕ್ಕರೆ

ಯುದ್ಧಕಾಲದಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಸಕ್ಕರೆಯ ಪಡಿತರವು 1953ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು. ದಿನಕ್ಕೆ ಸುಮಾರು 40 ಗ್ರಾಂ ಇದ್ದ ಬಳಕೆ ಬಹುಬೇಗನೆ ಇಮ್ಮಡಿಯಾಯಿತು. ಈ ಗಡಿಯ ಆಚೀಚೆ ಹುಟ್ಟಿದವರನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿಯೂ ಶೈಶವದಲ್ಲಿಯೂ ಪಡಿತರದ ಕಾಲವನ್ನು ಕಂಡವರಿಗೆ ಮುಂದೆ ಸಕ್ಕರೆ ಕಾಯಿಲೆಯ ಸಂಭವವು ಸುಮಾರು ಶೇ. 35ರಷ್ಟು, ಅಧಿಕ ರಕ್ತದೊತ್ತಡದ ಸಂಭವವು ಶೇ. 20ರಷ್ಟು ಕಡಿಮೆಯಾಗಿತ್ತು, ಬಂದವರಿಗೂ ಸಕ್ಕರೆ ಕಾಯಿಲೆಯು ನಾಲ್ಕು ವರ್ಷ ತಡವಾಗಿ ಬಂದಿತು. ಒಂದರ ಬೆನ್ನಿಗೆ ಬಂದುದೆಲ್ಲ ಅದರ ಕಾರ್ಯವಲ್ಲವೆಂದು ತರ್ಕಶಾಸ್ತ್ರವು ನಮ್ಮನ್ನು ಎಚ್ಚರಿಸುತ್ತದೆ, ನಿಜ. ಆದರೆ ಇಲ್ಲಿ ತಾನು ಹುಟ್ಟುವ ತಿಂಗಳನ್ನು ಯಾವ ಮಗುವೂ ಆರಿಸಿಕೊಂಡಿರಲಿಲ್ಲ.

ನಾವಾದರೋ ಬಸುರಿಗೆ ಬಯಕೆಯೆಂದು, ಕೂಸಿಗೆ ಮುದ್ದೆಂದು ಸಿಹಿ ತಿನ್ನಿಸುತ್ತೇವೆ. ಸಕ್ಕರೆ ಬಿಟ್ಟು ಜೇನು ಕೊಡುವ ಮನೆಗಳೂ ಉಂಟು; ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜೇನಿನ ಸಿಹಿಯೂ ಮಿತಿಗೊಳಿಸಬೇಕಾದ ಸಕ್ಕರೆಯೇ.