ಮೂವತ್ತನೆಯ ಒಂದು ಸೆಕೆಂಡಿನ ಬೆಲೆ

ಶಿರಗುಪ್ಪಿಯ ಸುತ್ತಮುತ್ತಲಿನ ಊರುಗಳಲ್ಲಿ ಜಾತ್ರೆಯ ಕಾಲಕ್ಕೆ ಎತ್ತಿನ ಗಾಡಿಗಳ ಓಟ ನಡೆಯುವುದುಂಟು. ನಮ್ಮ ಕಡೆಯವರು ಇದನ್ನು ಶರ್ಯತ್ತು ಎನ್ನುತ್ತಾರೆ. ಶರ್ಯತ್ತಿನ ಗಾಡಿ ಬಲು ಹಗುರ; ಓಟ ಕೆಲವೇ ನಿಮಿಷಗಳದು. ಎತ್ತುಗಳ ದಮ್ಮೆಲ್ಲವೂ ಅಷ್ಟರಲ್ಲಿಯೇ ಮುಗಿದುಹೋದರೂ ಗಾಡಿ ಹೊಡೆಯುವವನಿಗೆ ಚಿಂತೆಯಿಲ್ಲ. ಕಬ್ಬಿನ ಸುಗ್ಗಿ ಬಂದಾಗ ಇದೇ ಸೀಮೆಯ ದಾರಿಗಳಲ್ಲಿ ಕಬ್ಬು ಹೇರಿದ ಗಾಡಿಗಳು ಉಗಾರದ ಕಾರ್ಖಾನೆಯತ್ತ ಸಾಗುತ್ತವೆ. ಆ ಗಾಡಿಯವನು ಬಾರುಕೋಲು ಎತ್ತುವುದೇ ಅಪರೂಪ. ಇಳಿಜಾರು ಬರುವ ಮೊದಲೇ ಎತ್ತುಗಳನ್ನು ನಿಧಾನಗೊಳಿಸುವನು. ಏರಿನಲ್ಲಿ ಅವುಗಳಿಗೆ ಉಸಿರಾಡಲು ಬಿಡುವನು. ಇಬ್ಬರೂ ಗಾಡಿ ಹೊಡೆಯುವವರೇ; ಆದರೆ ಒಬ್ಬನ ಲೆಕ್ಕ ಇನ್ನೊಬ್ಬನಿಗೆ ನಡೆಯದು.

ಈ ಎರಡು ಗಾಡಿಗಳು ನಮ್ಮ ನೆನಪಿಗೆ ಬಂದುದಕ್ಕೆ ಕಾರಣ ವಿದ್ಯಾರ್ಥಿಯೊಬ್ಬನ ಪ್ರಶ್ನೆ. ಚಲನಶಕ್ತಿಯ ಪಾಠ ಮುಗಿದ ಮೇಲೆ ಅವನು ಎದ್ದು ನಿಂತು, "ಬೆಂಗಳೂರಿನ ಅರ್ಜುನ್ ಮೈನಿ ಫಾರ್ಮುಲಾ ಒಂದಕ್ಕೆ ಏರಲಾರದೆ ಇಪ್ಪತ್ತನಾಲ್ಕು ತಾಸಿನ ಓಟಕ್ಕೆ ಇಳಿದರಲ್ಲ, ಇದು ಸೋಲಲ್ಲವೆ?" ಎಂದು ಕೇಳಿದನು. ಆಗ ನಾವು ಅವಸರದಲ್ಲಿ ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಏರುವುದು, ಇಳಿಯುವುದು ಎಂಬ ಮಾತುಗಳು ಇಲ್ಲಿ ಸಲ್ಲುತ್ತವೆಯೆ ಎಂಬುದನ್ನು ಈಗ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಮೈನಿಯವರ ದಾರಿ. ಅವರು ಹುಟ್ಟಿದುದು ೧೯೯೭ರಲ್ಲಿ, ಬೆಂಗಳೂರಿನಲ್ಲಿ. ಬಾಲ್ಯದಲ್ಲಿಯೇ ಪುಟ್ಟ ಕಾರ್ಟುಗಳನ್ನು ಓಡಿಸಿ ಪಳಗಿ, ಮುಂದೆ ಒಂಟಿ ಆಸನದ ಕಾರುಗಳಿಗೆ ಬಂದರು. ಚಕ್ರಗಳು ಹೊರಗೆ ತೆರೆದುಕೊಂಡಿರುವ, ಚಾಲಕನೊಬ್ಬನೇ ಕೂಡಬಲ್ಲ ಈ ಕಾರುಗಳ ಮೆಟ್ಟಿಲುಸಾಲಿನ ತುದಿಯಲ್ಲಿ ಫಾರ್ಮುಲಾ ಒಂದು ಇದೆ. ೨೦೧೪ರಲ್ಲಿ ಇಂಗ್ಲೆಂಡಿನ ಫಾರ್ಮುಲಾ ನಾಲ್ಕರ ಸರಣಿಯಲ್ಲಿ ಅವರು ಎರಡನೆಯವರಾದರು. ಮೊದಲನೆಯವರಾಗಿ, ಮುಂದೆ ಫಾರ್ಮುಲಾ ಒಂದರಲ್ಲಿ ಹೆಸರಾದ ಜಾರ್ಜ್ ರಸೆಲ್ ಅವರಿಗೂ ಇವರಿಗೂ ಇದ್ದ ಅಂತರ ಮೂರೇ ಅಂಕಗಳದು. ೨೦೧೭ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜಿಪಿ೩ ದರ್ಜೆಯ ಓಟವೊಂದನ್ನು ಗೆದ್ದರು. ಅದೇ ವರ್ಷ ಫಾರ್ಮುಲಾ ಒಂದರ ಹಾಸ್ ತಂಡ ಅವರನ್ನು ತನ್ನ ಅಭಿವೃದ್ಧಿ ಚಾಲಕರನ್ನಾಗಿ ಸೇರಿಸಿಕೊಂಡಿತು. ೨೦೧೮ರಲ್ಲಿ ಅವರು ಫಾರ್ಮುಲಾ ಎರಡರಲ್ಲಿದ್ದರು. ಮುಂದಿನ ಮೆಟ್ಟಿಲಿನಲ್ಲಿ ಆಗ ಇದ್ದುದು ಇಡೀ ಜಗತ್ತಿಗೆ ೨೦ ಆಸನಗಳು ಮಾತ್ರ. ಅವುಗಳಲ್ಲಿ ಒಂದೂ ಅವರಿಗೆ ದೊರೆಯಲಿಲ್ಲ. ವಿದ್ಯಾರ್ಥಿಯ ಮಾತಿನಲ್ಲಿ ಅಷ್ಟು ನಿಜವಿದೆ. ಅದನ್ನು ಮರೆಮಾಚುವುದು ಬೇಡ. ೨೦೧೯ರಲ್ಲಿ ಅವರು ಕುಳಿತುದು ಮೇಲ್ಛಾವಣಿಯಿರುವ, ದೀಪಗಳಿರುವ, ಮೂವರು ಸರದಿಯಂತೆ ಓಡಿಸುವ ಎಲ್‌ಎಂಪಿ೨ ದರ್ಜೆಯ ಕಾರಿನಲ್ಲಿ. ಆ ವರ್ಷದ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ತಾಸಿನ ಓಟದಲ್ಲಿ ಭಾಗವಹಿಸಿದರು.

ಇನ್ನು ಲೆಕ್ಕಕ್ಕೆ ಬರೋಣ. ಲ ಮಾನ್ ಓಟದ ಒಂದು ಸುತ್ತು ೧೩.೬ ಕಿಲೋಮೀಟರಿಗೆ ತುಸು ಹೆಚ್ಚು. ೨೦೧೯ರಲ್ಲಿ ಮೈನಿಯವರ ದರ್ಜೆಯಲ್ಲಿ ಗೆದ್ದ ಕಾರು ಒಂದು ಹಗಲು ಒಂದು ರಾತ್ರಿಯಲ್ಲಿ ೫೦೦೦ ಕಿಲೋಮೀಟರಿಗೂ ಮಿಕ್ಕಿ ಓಡಿತು. ನಾವು ಶಿರಗುಪ್ಪಿಯಿಂದ ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದರೂ ಅಷ್ಟು ದೂರ ತುಂಬುವುದಿಲ್ಲ.

ಈ ದರ್ಜೆಯ ಕಾರಿನ ತೂಕಕ್ಕೆ ಚಾಲಕನ ಮತ್ತು ಇಂಧನದ ತೂಕವನ್ನು ಕೂಡಿಸಿ ಸುಮಾರು ೧೦೫೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನೇರ ರಸ್ತೆಯ ಕೊನೆಯಲ್ಲಿ ಅದು ಗಂಟೆಗೆ ೩೨೦ ಕಿಲೋಮೀಟರು, ಅಂದರೆ ಸೆಕೆಂಡಿಗೆ ಸುಮಾರು ೮೯ ಮೀಟರು ವೇಗದಲ್ಲಿರುತ್ತದೆ. ಚಲನಶಕ್ತಿ ಎಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದುದರ ಅರ್ಧ. ಗುಣಿಸಿ ನೋಡಿದರೆ ಸುಮಾರು ೪೨ ಲಕ್ಷ ಜೂಲುಗಳಾಗುತ್ತವೆ. ತಿರುವನ್ನು ಹಾಯಲು ವೇಗವನ್ನು ಗಂಟೆಗೆ ೧೦೦ ಕಿಲೋಮೀಟರಿಗೆ ಇಳಿಸಿದರೆ ಉಳಿಯುವುದು ೪ ಲಕ್ಷ ಮಾತ್ರ. ಉಳಿದ ೩೮ ಲಕ್ಷ ಜೂಲುಗಳು ಎಲ್ಲಿ ಹೋದುವು? ಸ್ವಲ್ಪ ಗಾಳಿಗೆ, ಬಹುಪಾಲು ಬ್ರೇಕಿನ ಬಿಲ್ಲೆಗಳಿಗೆ. ಹನ್ನೆರಡು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಉಷ್ಣ ಸಾಕು. ನಮ್ಮ ಮನೆಯ ಒಲೆಗೆ ಎಷ್ಟೋ ನಿಮಿಷಗಳು ಹಿಡಿಯುವ ಈ ಕೆಲಸ ಇಲ್ಲಿ ಮೂರು ಸೆಕೆಂಡಿನೊಳಗೆ ಆಗಿಹೋಗುತ್ತದೆ. ಬಿಲ್ಲೆಗಳು ಇಂಗಾಲದವು, ಕಾದಷ್ಟೂ ಗಾಳಿಯ ಆಮ್ಲಜನಕದೊಡನೆ ಕೂಡಿ ಸವೆಯುತ್ತವೆ. ಫಾರ್ಮುಲಾ ಎರಡರ ಓಟ ಒಂದು ಗಂಟೆಯೊಳಗೆ ಮುಗಿಯುವುದರಿಂದ ಅಲ್ಲಿ ಈ ಸವೆತದ ಬಗ್ಗೆ ಬಹಳ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಲ ಮಾನ್‌ನಲ್ಲಿ ಅದೇ ತಿರುವಿಗೆ ೩೬೦ ಸಲಕ್ಕೂ ಹೆಚ್ಚು ಬರಬೇಕು.

ಒಂಟಿ ಆಸನದ ಓಟದಲ್ಲಿ ಚಾಲಕನು ಕಲಿಯುವ ಮೊದಲನೆಯ ವಿದ್ಯೆ ಬ್ರೇಕನ್ನು ಆದಷ್ಟು ತಡವಾಗಿ ಒತ್ತುವುದು. ದೀರ್ಘ ಓಟಕ್ಕೆ ಬಂದವನು ಕಲಿಯಬೇಕಾದುದು ಇದಕ್ಕೆ ತದ್ವಿರುದ್ಧ: ಬ್ರೇಕು ಒತ್ತುವುದಕ್ಕೆ ಸ್ವಲ್ಪ ಮೊದಲೇ ವೇಗವರ್ಧಕದಿಂದ ಕಾಲೆತ್ತಿ, ಕಾರನ್ನು ಅದರ ಪಾಡಿಗೆ ಹರಿಯಲು ಬಿಡುವುದು. ಇದರಿಂದ ಆಗುವ ನಷ್ಟವೆಷ್ಟು?

೨೦೧೯ರಲ್ಲಿ ಈ ಕಾರಿನ ಎಂಜಿನು ಸುಮಾರು ೬೦೦ ಅಶ್ವಶಕ್ತಿಯದಾಗಿತ್ತು. ಪರಮಾವಧಿ ವೇಗದ ಹತ್ತಿರ ಈ ಸಾಮರ್ಥ್ಯವೆಲ್ಲವೂ ಗಾಳಿಯನ್ನು ಸೀಳುವುದರಲ್ಲಿಯೇ ವೆಚ್ಚವಾಗುತ್ತದೆ. ಚಕ್ರಗಳಿಗೆ ತಲಪುವ ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದರೆ ಗಾಳಿಯ ತಡೆ ಸುಮಾರು ೪೭೦೦ ನ್ಯೂಟನ್ ಎಂದು ತಿಳಿಯುತ್ತದೆ. ಕಾಲೆತ್ತಿದ ಕ್ಷಣದಲ್ಲಿ ಈ ಬಲ ಎದುರಾಳಿಯಿಲ್ಲದೆ ಕಾರನ್ನು ಹಿಂದಕ್ಕೆ ತಳ್ಳುತ್ತದೆ. ವೇಗ ಸೆಕೆಂಡಿಗೆ ೪.೫ ಮೀಟರಿನಂತೆ ಕುಗ್ಗತೊಡಗುತ್ತದೆ. ನಮ್ಮ ಊರಿನ ಬಸ್ಸು ಹೀಗೆ ಬ್ರೇಕು ಹಾಕಿದರೆ ನಿಂತಿರುವವರೆಲ್ಲರೂ ಮುಗ್ಗರಿಸುವರು. ಇಲ್ಲಿ ಬ್ರೇಕನ್ನು ಮುಟ್ಟಿಯೇ ಇಲ್ಲ! ಹೀಗೆ ನೂರು ಮೀಟರು ಹರಿಯುವಷ್ಟರಲ್ಲಿ ವೇಗ ೮೯ರಿಂದ ೮೪ ಮೀಟರಿಗೆ ಇಳಿದಿರುತ್ತದೆ. ಆ ನೂರು ಮೀಟರಿಗೆ ತಗುಲಿದ ಹೆಚ್ಚಿನ ಕಾಲ ಸೆಕೆಂಡಿನ ಮೂವತ್ತನೆಯ ಒಂದು ಪಾಲು ಮಾತ್ರ. ಲಾಭವೋ, ಬ್ರೇಕು ನುಂಗಬೇಕಾಗಿದ್ದ ಉಷ್ಣದಲ್ಲಿ ನಾಲ್ಕೂವರೆ ಲಕ್ಷ ಜೂಲು, ಅಂದರೆ ಎಂಟನೆಯ ಒಂದು ಪಾಲು ಕಡಿಮೆ. ಮೇಲೆ ಸುಮಾರು ೪೦ ಮಿಲಿಲೀಟರು ಇಂಧನದ ಉಳಿತಾಯ. ವೇಗ ಸ್ವಲ್ಪವೇ ತಗ್ಗಿದರೂ ಶಕ್ತಿ ಬಹಳ ತಗ್ಗುವುದು ಅದು ವೇಗದ ವರ್ಗವನ್ನು ಅನುಸರಿಸುವುದರಿಂದ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಒಂದು ಸುತ್ತಿನಲ್ಲಿ ಐದು ಕಡೆ ಹೀಗೆ ಮಾಡಿದರೂ ಇಡೀ ದಿನದ ನಷ್ಟ ಒಂದು ನಿಮಿಷದ ಆಸುಪಾಸಿನಲ್ಲಿರುತ್ತದೆ. ಬ್ರೇಕು ಕೆಟ್ಟು ಕಾರು ದುರಸ್ತಿಗೆ ನಿಂತರೆ ಹೋಗುವುದು ಸುತ್ತುಗಳೇ; ಒಂದು ಸುತ್ತೆಂದರೆ ಸುಮಾರು ಮೂರೂವರೆ ನಿಮಿಷ. ಫಾರ್ಮುಲಾ ಎರಡರಲ್ಲಿ ಸಾಲಿನ ಸ್ಥಾನ ನಿರ್ಧರಿಸುವ ಒಂದೇ ಸುತ್ತಿನಲ್ಲಿ ಇದೇ ಮೂವತ್ತನೆಯ ಒಂದು ಸೆಕೆಂಡು ಚಾಲಕನನ್ನು ಮುಂದಕ್ಕೋ ಹಿಂದಕ್ಕೋ ತಳ್ಳಿಬಿಡಬಲ್ಲುದು. ಕಾಲ ಒಂದೇ, ಬೆಲೆ ಬೇರೆ. ಹಾಗೆಂದು ಹಳೆಯ ವಿದ್ಯೆಯೆಲ್ಲ ವ್ಯರ್ಥವೆಂದು ತಿಳಿಯಬಾರದು. ಫಾರ್ಮುಲಾ ಎರಡರ ಚಕ್ರದ ರಬ್ಬರನ್ನು ಬೇಗನೆ ಬಳಲುವಂತೆಯೇ ತಯಾರಿಸಿರುತ್ತಾರೆ. ಅದನ್ನು ಪೋಷಿಸುವ ಜಾಣ್ಮೆಯನ್ನು ಮೈನಿಯವರು ಅಲ್ಲಿಂದಲೇ ತಂದಿರಬೇಕು.

ಇನ್ನೊಂದು ವ್ಯತ್ಯಾಸವನ್ನು ಸಮೀಕರಣದಲ್ಲಿ ಹಿಡಿಯುವುದು ಕಷ್ಟ. ಒಂಟಿ ಆಸನದ ಕಾರನ್ನು ಒಬ್ಬನ ಮೈಗೆ, ಒಬ್ಬನ ಮನಸ್ಸಿಗೆ ಹೊಂದಿಸಿರುತ್ತಾರೆ. ಲ ಮಾನ್‌ನಲ್ಲಿ ಮೈನಿಯವರ ಕಾರನ್ನು ಹಂಚಿಕೊಂಡವರು ಜಾನ್ ಫರಾನೊ ಮತ್ತು ನಾರ್ಮನ್ ನಾಟೊ. ಈ ದರ್ಜೆಯಲ್ಲಿ ಮೂವರಲ್ಲಿ ಒಬ್ಬರಾದರೂ ವೃತ್ತಿಪರರಲ್ಲದ ಕೆಳಶ್ರೇಣಿಯ ಚಾಲಕರಾಗಿರಬೇಕೆಂಬ ನಿಯಮವಿದೆ. ಆದುದರಿಂದ ಅತಿವೇಗದವನಿಗೆ ಒಪ್ಪುವ ಹೊಂದಾಣಿಕೆಗಿಂತ ಮೂವರೂ ನಡುರಾತ್ರಿಯಲ್ಲಿ ಧೈರ್ಯದಿಂದ ಓಡಿಸಬಲ್ಲ ಹೊಂದಾಣಿಕೆಯೇ ಲೇಸು. ಒಬ್ಬನೇ ಚಾಲಕ ಒಟ್ಟು ೧೪ ತಾಸುಗಳಿಗಿಂತ ಹೆಚ್ಚು ಕಾಲ, ಯಾವುದೇ ೬ ತಾಸುಗಳಲ್ಲಿ ೪ಕ್ಕಿಂತ ಹೆಚ್ಚು ಕಾಲ ಓಡಿಸುವಂತಿಲ್ಲ. ರಸ್ತೆಯ ಮೇಲೆ ಸುಮಾರು ೬೦ ಕಾರುಗಳು, ಅವುಗಳಲ್ಲಿ ಹಲವು ಬಹಳ ನಿಧಾನದವು. ಅವುಗಳನ್ನು ತಾಗದೆ ದಾಟುವುದೂ ವೇಗದ ಒಂದು ಅಂಗವೇ.

ಈ ದಾರಿಯನ್ನು ತುಳಿದವರು ಮೈನಿಯವರೊಬ್ಬರೇ ಅಲ್ಲ. ಅದೇ ೨೦೧೯ರ ಯುರೋಪಿನ ಲ ಮಾನ್ ಸರಣಿಯಲ್ಲಿ ಅವರ ಜೊತೆಗಾರರಾಗಿದ್ದವರು ಬ್ರೆಜಿಲ್ ದೇಶದ ಬ್ರೂನೋ ಸೆನ್ನಾ. ಮಹಾಚಾಲಕ ಐರ್ಟನ್ ಸೆನ್ನಾ ಅವರ ಸೋದರಿಯ ಮಗ. ೨೦೧೦ರಿಂದ ೨೦೧೨ರವರೆಗೆ ಫಾರ್ಮುಲಾ ಒಂದರಲ್ಲಿದ್ದು, ಬಳಿಕ ದೀರ್ಘ ಓಟಗಳಿಗೆ ಬಂದು ೨೦೧೭ರಲ್ಲಿ ಎಲ್‌ಎಂಪಿ೨ ದರ್ಜೆಯ ವಿಶ್ವ ಸರಣಿಯನ್ನು ಗೆದ್ದವರು. ೨೦೧೦ರಲ್ಲಿ ಅವರ ಫಾರ್ಮುಲಾ ಒಂದರ ತಂಡದಲ್ಲಿಯೇ ಇದ್ದ ಚೆನ್ನೈನ ಕರುಣ್ ಚಂಧೋಕ್ ೨೦೧೨ರಲ್ಲಿ ಲ ಮಾನ್ ಓಟವನ್ನು ಆರನೆಯ ಸ್ಥಾನದಲ್ಲಿ ಮುಗಿಸಿದರು. ಮೆಟ್ಟಿಲುಸಾಲಿನ ತುದಿಯನ್ನು ಕಂಡವರೂ ಈ ಕಡೆಗೆ ಬಂದಿರುವಾಗ "ಇಳಿದರು" ಎಂಬ ಮಾತನ್ನು ನಾವು ತರಗತಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

೨೦೨೧ರ ಫೆಬ್ರವರಿಯಲ್ಲಿ ದುಬೈ ಮತ್ತು ಅಬುಧಾಬಿಗಳಲ್ಲಿ ನಡೆದ ಏಷ್ಯದ ಲ ಮಾನ್ ಸರಣಿಯ ನಾಲ್ಕು ತಾಸಿನ ಓಟಗಳಲ್ಲಿ ಮೈನಿಯವರು ಭಾರತದ ಮೊದಲ ಫಾರ್ಮುಲಾ ಒಂದು ಚಾಲಕ ನಾರಾಯಣ್ ಕಾರ್ತಿಕೇಯನ್ ಮತ್ತು ನವೀನ್ ರಾವ್ ಅವರೊಡನೆ ಒಂದೇ ಕಾರನ್ನು ಹಂಚಿಕೊಂಡರು. ಅದೇ ವರ್ಷ ಜರ್ಮನಿಯ ಡಿಟಿಎಂ ಸರಣಿಯನ್ನು ಸೇರಿದರು. ಅಲ್ಲಿ ಓಡಿದ ಮೊದಲ ಭಾರತೀಯರು ಅವರೇ. ಡಿಟಿಎಂ ಓಟ ಒಂದು ಗಂಟೆಯದು, ಕಾರಿನಲ್ಲಿ ಒಬ್ಬನೇ ಚಾಲಕ. ಅಲ್ಲಿ ಮತ್ತೆ ಬ್ರೇಕನ್ನು ತಡವಾಗಿ ಒತ್ತಬೇಕು.