ಕರಗಿದ ಆಮ್ಲಜನಕ ಮತ್ತು ವೃಷಭಾವತಿ ನದಿ

ಪೀಠಿಕೆ

ವಾತಾವರಣದ ಗಾಳಿಯಲ್ಲಿ ಗಾತ್ರದ ಲೆಕ್ಕದಲ್ಲಿ ಶೇ. 21ರಷ್ಟು ಆಮ್ಲಜನಕವಿದೆ. ಹಸಿರು ಸಸ್ಯಗಳು ಮತ್ತು ಪಾಚಿಗಳು ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುವಾಗ ಇದನ್ನು ಹೊರಬಿಡುತ್ತವೆ. ಮನುಷ್ಯ, ಪ್ರಾಣಿ, ಪಕ್ಷಿಗಳು ಮತ್ತು ಸ್ವತಃ ಸಸ್ಯಗಳೂ ಆಹಾರದಿಂದ ಶಕ್ತಿಯನ್ನು ಪಡೆಯಲು ಇದನ್ನೇ ಬಳಸುತ್ತವೆ. ನೀರಿನಲ್ಲಿ ವಾಸಿಸುವ ಜೀವಿಗಳಿಗೂ ಆಮ್ಲಜನಕ ಅಷ್ಟೇ ಅಗತ್ಯ. ಆದರೆ ಅವುಗಳಿಗೆ ದೊರೆಯುವ ಪ್ರಮಾಣ ಬಹಳ ಕಡಿಮೆ.

ಕರಗಿದ ಆಮ್ಲಜನಕ ಎಂದರೇನು?

ಗಾಳಿಯಿಂದ ಹಾಗೂ ಜಲಸಸ್ಯಗಳಿಂದ ನೀರಿಗೆ ಸೇರಿ ಅದರಲ್ಲಿ ಕರಗಿರುವ ಆಮ್ಲಜನಕವನ್ನು ‘ಕರಗಿದ ಆಮ್ಲಜನಕ’ ಎನ್ನಲಾಗುತ್ತದೆ. ಬೆಂಗಳೂರಿನಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿ.ಗ್ರಾಂ. ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಬಲ್ಲದ್ದು ಸುಮಾರು 7.5 ಮಿ.ಗ್ರಾಂ. ಮಾತ್ರ. ನೀರು ಬಿಸಿಯಾದಂತೆ ಈ ಪ್ರಮಾಣ ಇನ್ನೂ ಕಡಿಮೆಯಾಗುತ್ತದೆ.

ಈ ಆಮ್ಲಜನಕ ಹೇಗೆ ಬರಿದಾಗುತ್ತದೆ?

ಕೊಳಚೆ, ಆಹಾರದ ಉಳಿಕೆ ಮುಂತಾದ ಸಾವಯವ ವಸ್ತುಗಳು ನೀರಿಗೆ ಸೇರಿದಾಗ ಬ್ಯಾಕ್ಟೀರಿಯಾಗಳು ಅವುಗಳನ್ನು ಕೊಳೆಯಿಸುತ್ತವೆ. ಈ ಕಾರ್ಯದಲ್ಲಿ ಅವು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಹೀಗೆ ಬೇಕಾಗುವ ಆಮ್ಲಜನಕದ ಪ್ರಮಾಣಕ್ಕೆ ‘ಜೈವಿಕ ಆಮ್ಲಜನಕ ಬೇಡಿಕೆ’ ಎಂದು ಹೆಸರು. ಗೃಹಬಳಕೆಯ ಒಂದು ಲೀಟರ್ ಕೊಳಚೆ ನೀರಿಗೆ ಸಾಮಾನ್ಯವಾಗಿ 200ರಿಂದ 300 ಮಿ.ಗ್ರಾಂ. ಆಮ್ಲಜನಕ ಬೇಕಾಗುತ್ತದೆ. ಅಂದರೆ ಒಂದು ಲೀಟರ್ ಕೊಳಚೆಯು ಸುಮಾರು 30 ಲೀಟರ್ ಶುದ್ಧ ನೀರಿನಲ್ಲಿರುವ ಆಮ್ಲಜನಕವನ್ನು ಪೂರ್ಣವಾಗಿ ಮುಗಿಸಬಲ್ಲದು. ಚರಂಡಿಗೆ ಚೆಲ್ಲಿದ ಒಂದು ಲೀಟರ್ ಹಾಲು ಕೊಳೆಯಲು ಸುಮಾರು 100 ಗ್ರಾಂ ಆಮ್ಲಜನಕ ಬೇಕು. ಇದು 13,000 ಲೀಟರ್ ನೀರಿನಲ್ಲಿರುವ ಆಮ್ಲಜನಕಕ್ಕೆ ಸಮ. ವಿಷವಲ್ಲದ ವಸ್ತುವೂ ನದಿಗೆ ಹಾನಿಕರವಾಗುವುದು ಈ ಕಾರಣದಿಂದಲೇ.

ಆಮ್ಲಜನಕ ಮುಗಿದ ನಂತರ, ಅದರ ನೆರವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಇವು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉತ್ಪಾದಿಸುತ್ತವೆ. ಕೊಳೆತ ಮೊಟ್ಟೆಯಂತಹ ದುರ್ವಾಸನೆ, ನೀರಿನ ಕಪ್ಪು ಬಣ್ಣ ಹಾಗೂ ಬೆಳ್ಳಿಯ ವಸ್ತುಗಳು ಕಪ್ಪಾಗುವುದು ಇದರ ಲಕ್ಷಣಗಳು.

ನಿಗದಿತ ಮಟ್ಟಗಳು

ನೀರಿನ ಬಳಕೆಗೆ ಅನುಗುಣವಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಪ್ರತಿ ಲೀಟರಿನಲ್ಲಿ ಇರಬೇಕಾದ ಕನಿಷ್ಠ ಕರಗಿದ ಆಮ್ಲಜನಕವನ್ನು ಹೀಗೆ ಗೊತ್ತುಪಡಿಸಿದೆ:

- ‘ಎ’ ವರ್ಗ (ಸೋಂಕು ನಿವಾರಿಸಿದರೆ ಸಾಕಾಗುವ ಕುಡಿಯುವ ನೀರಿನ ಮೂಲ): 6 ಮಿ.ಗ್ರಾಂ.
- ‘ಬಿ’ ವರ್ಗ (ಸ್ನಾನ): 5 ಮಿ.ಗ್ರಾಂ.
- ‘ಸಿ’ ವರ್ಗ (ಶುದ್ಧೀಕರಣದ ನಂತರ ಕುಡಿಯಲು): 4 ಮಿ.ಗ್ರಾಂ.
- ‘ಡಿ’ ವರ್ಗ (ವನ್ಯಜೀವಿ ಮತ್ತು ಮೀನುಗಾರಿಕೆ): 4 ಮಿ.ಗ್ರಾಂ.

ವೃಷಭಾವತಿಯ ಸ್ಥಿತಿ

ವೃಷಭಾವತಿಯು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆ ಎಂಬುದು ಪ್ರತೀತಿ. ರಾಜಾಜಿನಗರ, ಬಸವೇಶ್ವರನಗರ ಮತ್ತು ವಿಜಯನಗರ ಭಾಗಗಳ ರಾಜಕಾಲುವೆಗಳು ಇದರ ಕಣಿವೆಗೇ ಸೇರುತ್ತವೆ. ನದಿಯು ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿ ದೇವಸ್ಥಾನದ ಸಮೀಪದಿಂದ ಕೆಂಗೇರಿಯ ಮೂಲಕ ಹರಿದು, ಬಿಡದಿ ಬಳಿಯ ಭೈರಮಂಗಲ ಜಲಾಶಯವನ್ನು ತಲುಪುತ್ತದೆ. ಮುಂದೆ ಅರ್ಕಾವತಿಯ ಮೂಲಕ ಈ ನೀರು ಕಾವೇರಿಯನ್ನು ಸೇರುತ್ತದೆ.

ನಗರದೊಳಗೆ ಬೇಸಿಗೆಯಲ್ಲಿ ಈ ನದಿಯಲ್ಲಿ ಹರಿಯುವುದು ಬಹುಮಟ್ಟಿಗೆ ತ್ಯಾಜ್ಯ ನೀರೇ ಆಗಿರುವುದರಿಂದ, ಮೀನುಗಳು ಬದುಕಲು ಬೇಕಾದ ‘ಡಿ’ ವರ್ಗದ ಮಟ್ಟವನ್ನು ಅದು ಮುಟ್ಟುವುದಿಲ್ಲ. ಭೈರಮಂಗಲದ ಸುತ್ತಲಿನ ರೈತರು ಈ ನೀರನ್ನೇ ಹೊಲಗಳಿಗೆ ಹಾಯಿಸುತ್ತಾ ಬಂದಿದ್ದಾರೆ. ಆದ್ದರಿಂದ ವಿಜಯನಗರದ ಕಾಲುವೆಗೆ ಬಿಟ್ಟ ಕೊಳಚೆಯ ಪರಿಣಾಮವನ್ನು ಅನುಭವಿಸುವವರು ಕೆಳಭಾಗದ ಗ್ರಾಮಸ್ಥರು.

ಕೆರೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 2016ರ ಮಾರ್ಚ್ ತಿಂಗಳಿನಲ್ಲಿ ನಗರದ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಆಮ್ಲಜನಕದ ಕೊರತೆಯೇ ಕಾರಣವೆಂದು ಹೇಳಲಾಯಿತು. ಕೊಳಚೆಯಿಂದ ಹುಲುಸಾಗಿ ಬೆಳೆಯುವ ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಕೊಟ್ಟರೂ ರಾತ್ರಿಯಲ್ಲಿ ಅದನ್ನು ಬಳಸಿಕೊಳ್ಳುತ್ತದೆ. ಹೀಗಾಗಿ ಮುಂಜಾವಿನ ವೇಳೆಗೆ ಕೊರತೆ ತೀವ್ರವಾಗುತ್ತದೆ.

ಪರಿಹಾರವೇನು?

ಮೈಸೂರು ರಸ್ತೆಯಲ್ಲಿರುವ ಜಲಮಂಡಳಿಯ ವೃಷಭಾವತಿ ಕಣಿವೆ ಘಟಕದಂತಹ ಶುದ್ಧೀಕರಣ ಘಟಕಗಳಲ್ಲಿ ಕೊಳಚೆ ನೀರಿಗೆ ಗಾಳಿಯ ಸಂಪರ್ಕ ಕಲ್ಪಿಸಿ, ಬ್ಯಾಕ್ಟೀರಿಯಾಗಳು ತಮ್ಮ ಕೆಲಸವನ್ನು ನದಿಗೆ ಸೇರುವ ಮೊದಲೇ ಮುಗಿಸುವಂತೆ ಮಾಡಲಾಗುತ್ತದೆ. ಆದರೆ ಒಳಚರಂಡಿಯ ಮೂಲಕ ಬಂದ ನೀರನ್ನು ಮಾತ್ರ ಘಟಕವು ಶುದ್ಧಗೊಳಿಸಬಲ್ಲದು. ಮಳೆನೀರು ಕಾಲುವೆಗೆ ಬಿಟ್ಟದ್ದು ನೇರವಾಗಿ ನದಿಗೆ ಹೋಗುತ್ತದೆ.

ನದಿಗೆ ಮರುಜೀವ ಬರುವ ಸಾಧ್ಯತೆ ಇದ್ದೇ ಇದೆ. ಕೊಳಚೆ ನಿಂತಲ್ಲಿ, ಕಲ್ಲುಗಳ ಮೇಲೆ ಹರಿಯುವ ನೀರು ಗಾಳಿಯಿಂದ ಆಮ್ಲಜನಕವನ್ನು ತಾನೇ ಪಡೆದುಕೊಳ್ಳುತ್ತದೆ.

ಸಾರ್ವಜನಿಕರಲ್ಲಿ ಮನವಿ

1. ಶೌಚಾಲಯ, ಸ್ನಾನಗೃಹ ಹಾಗೂ ಅಡುಗೆಮನೆಯ ನೀರನ್ನು ಒಳಚರಂಡಿಗೆ ಮಾತ್ರ ಜೋಡಿಸತಕ್ಕದ್ದು.
2. ಮಳೆನೀರನ್ನು ಒಳಚರಂಡಿಗೆ ಬಿಡಬಾರದು. ಇದರಿಂದ ಮ್ಯಾನ್‌ಹೋಲ್‌ಗಳು ಉಕ್ಕಿ ಕೊಳಚೆಯು ಕಾಲುವೆಗೆ ಸೇರುತ್ತದೆ.
3. ಕೆಟ್ಟ ಹಾಲು, ಉಳಿದ ಅನ್ನ, ಸಾರು ಹಾಗೂ ಬಳಸಿದ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು. ಅನ್ನ, ತರಕಾರಿ ಉಳಿಕೆಗಳನ್ನು ಹಸಿ ಕಸದೊಂದಿಗೆ ನೀಡುವುದು.
4. ಹೋಟೆಲು, ಕಲ್ಯಾಣ ಮಂಟಪ ಮತ್ತು ಕೈಗಾರಿಕೆಗಳು ತ್ಯಾಜ್ಯ ನೀರನ್ನು ಸಂಸ್ಕರಿಸದೆ ಹೊರಬಿಡಬಾರದು. ಹಾಗೆ ಬಿಡುವುದು 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆಗೆ ವಿರುದ್ಧವಾದುದು.