ಬ್ಯಾಕಪ್ ನಿಂತಾಗ: ಗಣಕದ ಹಿನ್ನೆಲೆ ಸೇವೆಗಳಿಗೆ ಯಾರ ಅಧಿಕಾರ?

ಲೆಕ್ಕಪತ್ರಗಳನ್ನು ಗಣಕದಲ್ಲಿ ಇಡುವ ಕಂಪನಿಗಳು ಅವುಗಳ ಬ್ಯಾಕಪ್ ಪ್ರತಿಯನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸತಕ್ಕದ್ದೆಂದು, 2014ರ ಕಂಪನಿ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿ ವಿಧಿಸಿದೆ. ಅದಕ್ಕೆ ಮುನ್ನ ನಿಯತಕಾಲಕ್ಕೆ ಎಂದಷ್ಟೇ ಇದ್ದಿತು. ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು. ಆದರೆ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಪ್ರಕರಣದಂತೆ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಗಳನ್ನು ಕಾಯ್ದಿಡುವ ಹೊಣೆ ನೋಂದಾಯಿತ ವರ್ತಕರ ಮೇಲಿದೆ.

ಆದಕಾರಣ ರಾತ್ರಿ ವೇಳೆ ತಾನಾಗಿ ಪ್ರತಿ ತೆಗೆಯುವ ತಂತ್ರಾಂಶವನ್ನು ಅನೇಕರು ಅಳವಡಿಸಿಕೊಂಡು ನಿಶ್ಚಿಂತರಾಗಿದ್ದಾರೆ. ಹಾರ್ಡ್ ಡಿಸ್ಕ್ ಕೆಟ್ಟ ದಿನ ನೋಡಿದರೆ ಕೊನೆಯ ಪ್ರತಿ ಮೂರು ತಿಂಗಳ ಹಿಂದಿನದು! ಇಂತಹ ಪ್ರಸಂಗಗಳಲ್ಲಿ ದೋಷವಿರುವುದು ಅನೇಕ ವೇಳೆ ಯಂತ್ರದಲ್ಲಲ್ಲ, ಆ ತಂತ್ರಾಂಶಕ್ಕೆ ಕೊಟ್ಟ ಅಧಿಕಾರದಲ್ಲಿ.

ಬ್ಯಾಕಪ್, ಡೇಟಾಬೇಸ್, ಆಂಟಿವೈರಸ್ ಮುಂತಾದವು ವಿಂಡೋಸ್‌ನಲ್ಲಿ ‘ಸರ್ವಿಸ್’ ರೂಪದಲ್ಲಿ ತೆರೆಯ ಹಿಂದೆ ನಡೆಯುತ್ತವೆ. ಯಾರೂ ಲಾಗಿನ್ ಆಗದಿದ್ದರೂ ನಡೆಯುವ ಈ ಸೇವೆಗಳಲ್ಲಿ ಪ್ರತಿಯೊಂದೂ ಒಂದು ಖಾತೆಯ ಹೆಸರಿನಲ್ಲಿ ಕೆಲಸ ಮಾಡಬೇಕು. ಮುಖ್ತಾರುನಾಮೆ ಪಡೆದ ಗುಮಾಸ್ತನಂತೆ, ಪತ್ರದಲ್ಲಿ ಬರೆದಷ್ಟೇ ಅದರ ಅಧಿಕಾರ. ಮಾಲೀಕರು ಒಂದು ಫೋಲ್ಡರನ್ನು ತೆರೆಯಬಲ್ಲರೆಂದ ಮಾತ್ರಕ್ಕೆ ಸೇವೆಯೂ ತೆರೆಯಬಲ್ಲದೆಂದು ಭಾವಿಸಲಾಗದು. ಎಸ್‌ಕ್ಯೂಎಲ್ ಸರ್ವರ್ ಆಧಾರಿತ ಲೆಕ್ಕ ತಂತ್ರಾಂಶಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಕಪ್ ಗುಂಡಿ ಒತ್ತುವವರು ಲೆಕ್ಕಿಗರು, ಕಡತವನ್ನು ಡಿಸ್ಕಿಗೆ ಬರೆಯುವುದು ಸರ್ವರ್ ಸೇವೆಯ ಖಾತೆ.

ಐದಾರು ಗಣಕಗಳನ್ನು ಡೊಮೇನ್ ಇಲ್ಲದೆ ಜೋಡಿಸಿಕೊಂಡ ಸಣ್ಣ ಕಚೇರಿಗಳಲ್ಲಿ ತೊಡಕು ಹೆಚ್ಚು. ‘ಲೋಕಲ್ ಸಿಸ್ಟಮ್’ ಖಾತೆ ತನ್ನ ಗಣಕದೊಳಗೆ ಸರ್ವಾಧಿಕಾರಿ, ಪಕ್ಕದ ಗಣಕದ ಬಾಗಿಲಲ್ಲಿ ಅಪರಿಚಿತ. ಆದ್ದರಿಂದ ಡಿ ಡ್ರೈವಿಗೆ ಸರಾಗವಾಗಿ ಹೋಗುವ ಪ್ರತಿ, ಮತ್ತೊಂದು ಗಣಕದ ಹಂಚಿಕೆಯ ಫೋಲ್ಡರಿಗೆ ಹೋಗದು. ಬಳಕೆದಾರರು ತಮ್ಮ ಲಾಗಿನ್‌ನಲ್ಲಿ ಜೋಡಿಸಿಕೊಂಡ ಜೆಡ್ ಡ್ರೈವ್ ಕೂಡ ಸೇವೆಗೆ ಕಾಣಿಸದು. ಅಲ್ಲಿ ಡ್ರೈವಿನ ಅಕ್ಷರಕ್ಕೆ ಬದಲಾಗಿ ಗಣಕದ ಹೆಸರು, ಫೋಲ್ಡರಿನ ಹೆಸರುಗಳನ್ನೊಳಗೊಂಡ ಪೂರ್ಣ ವಿಳಾಸವನ್ನೇ ಕೊಡಬೇಕು.

ದೋಷ ಹುಡುಕಲು ಮೊದಲು ನೋಡತಕ್ಕದ್ದು ‘ಈವೆಂಟ್ ವ್ಯೂವರ್’ ಹಾಗೂ ಬ್ಯಾಕಪ್ ತಂತ್ರಾಂಶದ ಸ್ವಂತ ದಾಖಲೆ. ದೋಷಸಂಖ್ಯೆ 1069 ಕಂಡರೆ ಸೇವೆಯನ್ನು ಹೆಬ್ಬಾಗಿಲಲ್ಲೇ ತಡೆಯಲಾಗಿದೆ. ಸಂಖ್ಯೆ 5 ಆದರೆ ಒಳಗೆ ಬಿಡಲಾಗಿದೆ, ಆದರೆ ಬೀರುವಿನ ಬೀಗದ ಕೈ ಕೊಟ್ಟಿಲ್ಲ.

1069ರ ಮುಖ್ಯ ಕಾರಣ ಪಾಸ್‌ವರ್ಡ್. ಸೇವೆಯನ್ನು ಸಿಬ್ಬಂದಿಯೊಬ್ಬರ ಖಾತೆಯಲ್ಲಿ ನಡೆಸುತ್ತಿದ್ದು, ಅವರು ಪಾಸ್‌ವರ್ಡ್ ಬದಲಿಸಿದರೆ ಸೇವೆಯ ಬಳಿ ಹಳೆಯದೇ ಉಳಿಯುತ್ತದೆ. ವಿಚಿತ್ರವೆಂದರೆ, ಈಗಾಗಲೇ ನಡೆಯುತ್ತಿರುವ ಸೇವೆ ಸಾಮಾನ್ಯವಾಗಿ ಒಡನೆಯೇ ನಿಲ್ಲುವುದಿಲ್ಲ. ಸೋಮವಾರ ಬದಲಿಸಿದ ಪಾಸ್‌ವರ್ಡಿನ ಫಲ ಶನಿವಾರ ಗಣಕವನ್ನು ಮರುಚಾಲನೆ ಮಾಡಿದಾಗ ಗೋಚರಿಸಬಹುದು. ಆಗ ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯದು. ಕೆಲಸ ಬಿಟ್ಟವರ ಖಾತೆಯನ್ನು ರದ್ದುಪಡಿಸಿದಾಗಲೂ ಇದೇ ಕಥೆ. ಆದುದರಿಂದ ಬ್ಯಾಕಪ್ಪಿಗೆಂದೇ ಪ್ರತ್ಯೇಕ ಖಾತೆ ತೆರೆದು, ‘ಸರ್ವಿಸಸ್’ ಕಿಟಕಿಯ ‘ಲಾಗ್ ಆನ್’ ಪುಟದಲ್ಲಿ ಅದನ್ನು ನಮೂದಿಸುವುದು ಲೇಸು. ಹೀಗೆ ನಮೂದಿಸಿದಾಗ ಸೇವೆಯಾಗಿ ಲಾಗಿನ್ ಆಗುವ ಹಕ್ಕನ್ನು ವಿಂಡೋಸ್ ತಾನೇ ನೀಡುತ್ತದೆ. ಡೊಮೇನ್ ಇಲ್ಲದ ಕಚೇರಿಯಲ್ಲಿ ಎರಡೂ ಗಣಕಗಳಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡಿನ ಖಾತೆ ಇರಬೇಕು.

ಸಂಖ್ಯೆ 5 ಬಂದಲ್ಲಿ ಫೋಲ್ಡರಿನ ಅನುಮತಿ ನೋಡಬೇಕು. ಹಂಚಿಕೆಯ ಫೋಲ್ಡರಿಗೆ ಅನುಮತಿಗಳು ಎರಡು: ‘ಶೇರಿಂಗ್’ ಪುಟದ್ದೊಂದು, ‘ಸೆಕ್ಯುರಿಟಿ’ ಪುಟದ್ದೊಂದು. ಎರಡರಲ್ಲಿ ಬಿಗಿಯಾದುದೇ ನಡೆಯುತ್ತದೆ. ಒಂದನ್ನು ಸಡಿಲಿಸಿ ಮತ್ತೊಂದನ್ನು ಮರೆಯುವುದು ತೀರ ಸಾಮಾನ್ಯ.

ದುರಸ್ತಿಗೆ ಬಂದ ತಂತ್ರಜ್ಞರು ಅವಸರದಲ್ಲಿ ಸೇವೆಯನ್ನು ಅಡ್ಮಿನಿಸ್ಟ್ರೇಟರ್ ಖಾತೆಗೆ ಸೇರಿಸಿ, ಫೋಲ್ಡರಿಗೆ ‘ಎವ್ರಿಒನ್, ಫುಲ್ ಕಂಟ್ರೋಲ್’ ಎಂದು ಕೊಟ್ಟು ಹೊರಡುವುದುಂಟು. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನಿಜ. ಇದು ಸಹಿ ಹಾಕಿದ ಖಾಲಿ ಚೆಕ್ಕುಗಳನ್ನು ಮೇಜಿನ ಮೇಲಿಟ್ಟು ಹೋದಂತೆಯೇ. ಯಾವುದೋ ಇ-ಮೇಲ್ ಮೂಲಕ ರಾನ್ಸಮ್‌ವೇರ್ ಒಂದು ಗಣಕಕ್ಕೆ ಹೊಕ್ಕರೆ, ಎಲ್ಲರೂ ತಿದ್ದಬಹುದಾದ ಬ್ಯಾಕಪ್ ಫೋಲ್ಡರನ್ನೂ ಅದು ಮೂಲ ಲೆಕ್ಕದೊಂದಿಗೇ ನಿರುಪಯುಕ್ತಗೊಳಿಸಬಲ್ಲದು. ಬ್ಯಾಕಪ್ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಆ ಪ್ರತ್ಯೇಕ ಖಾತೆಗೆ ಇದ್ದರೆ ಸಾಕು. ಬಿಲ್ ಹಾಕುವ ಸಿಬ್ಬಂದಿಯ ಖಾತೆಗಳಿಗೆ ಅಲ್ಲಿ ಕೆಲಸವಿಲ್ಲ.

ದುರಸ್ತಿಯಾದ ಬಳಿಕ ಗಣಕವನ್ನು ಒಮ್ಮೆ ಮರುಚಾಲನೆ ಮಾಡಿ, ಯಾರೂ ಲಾಗಿನ್ ಆಗದೆ ಒಂದು ರಾತ್ರಿ ಬಿಡಬೇಕು. ಮರುದಿನ ಕಡತದ ದಿನಾಂಕ, ಗಾತ್ರ ನೋಡಿದರಷ್ಟೇ ಸಾಲದು. ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ಹಿಂದಿನ ಸಂಜೆಯ ನಗದು ಶಿಲ್ಕು ತಾಳೆಯಾಗುವುದೇ ಎಂದು ಪರಿಶೀಲಿಸಬೇಕು.